ಹಂಗೇರಿಯಲ್ಲಿ ನೋಡಬಹುದಾದ ಹಳೆಯ ಸಣ್ಣ ಪಟ್ಟಣ ಯಾವುದು?

ಬುಡಾಪೆಸ್ಟ್‌ನಿಂದ ವಿಯೆನ್ನಾಕ್ಕೆ ಹೊರಡುವ ಮೊದಲು ಎರಡು ದಿನ ಬಿಡುವಿದೆ, ಗದ್ದಲವಿಲ್ಲದ ಹಳೆಯ ಪಟ್ಟಣವೊಂದನ್ನು ಸೂಚಿಸಿ ಎಂದು ಕೇಳಿದ್ದೀರಿ. ಹೆಚ್ಚಿನವರು ಸೆಂಟೆಂಡ್ರೆಯ ಹೆಸರು ಹೇಳುತ್ತಾರೆ. ಊರು ಚೆಂದವೇ, ಆದರೆ ರಾಜಧಾನಿಗೆ ತೀರ ಹತ್ತಿರವಿರುವುದರಿಂದ ಬೇಸಿಗೆಯಲ್ಲಿ ಅಲ್ಲಿ ಪ್ರವಾಸಿಗರದೇ ಜಾತ್ರೆ. ನಿಮ್ಮ ದಾರಿಗೆ ಹೊಂದುವುದು ಆಸ್ಟ್ರಿಯಾದ ಗಡಿಯಲ್ಲಿರುವ ಕೋಸೆಗ್. ಸೋಂಬತ್‌ಹೇಯ್‌ನಲ್ಲಿ ರೈಲು ಬದಲಿಸಿದರೆ ಅಲ್ಲಿಂದ ಸುಮಾರು ಅರ್ಧ ಗಂಟೆಯ ದಾರಿ.

1532ರ ಆಗಸ್ಟ್‌ನಲ್ಲಿ ವಿಯೆನ್ನಾದತ್ತ ದಂಡೆತ್ತಿ ಹೊರಟಿದ್ದ ಆಟೋಮನ್ ಸುಲ್ತಾನ ಸುಲೇಮಾನನ ಭಾರೀ ಸೈನ್ಯವನ್ನು ನಿಕೋಲಾ ಯೂರಿಶಿಚ್ ಎಂಬ ಸೇನಾನಿ ಕೈಬೆರಳೆಣಿಕೆಯ ಸೈನಿಕರನ್ನೂ ಸುತ್ತಲಿನ ರೈತರನ್ನೂ ಕಟ್ಟಿಕೊಂಡು ಮೂರು ವಾರಕ್ಕೂ ಹೆಚ್ಚು ಕಾಲ ತಡೆದು ನಿಲ್ಲಿಸಿದ್ದು ಇದೇ ಊರಿನಲ್ಲಿ. ಕೊನೆಗೆ ಹೆಸರಿಗಷ್ಟೇ ಶರಣಾಗತಿಯಾಗಿ, ಗೋಡೆಯ ಮೇಲೆ ತುರ್ಕರ ಬಾವುಟ ಏರಿತು, ಸೈನ್ಯ ಹಿಂತಿರುಗಿತು. ಇದನ್ನು ಗೆಲುವೆನ್ನಬೇಕೋ ಜಾಣತನವೆನ್ನಬೇಕೋ ನೀವೇ ತೀರ್ಮಾನಿಸಿ. ಅದರ ನೆನಪಿಗಾಗಿ ಊರಿನ ಗಂಟೆಗಳು ಇಂದಿಗೂ ಬೆಳಿಗ್ಗೆ 11ಕ್ಕೆ ಮೊಳಗುತ್ತವೆ. ಆ ಹೊತ್ತಿಗೆ ಯೂರಿಶಿಚ್‌ನ ಹೆಸರಿನ ಚೌಕದಲ್ಲಿರಿ. ಚೌಕದ ಬಾಗಿಲಲ್ಲಿರುವ ವೀರರ ದ್ವಾರ ಹಳೆಯದಾಗಿ ಕಂಡರೂ ಕಟ್ಟಿದ್ದು 1932ರಲ್ಲಿ, ಮುತ್ತಿಗೆಯ ನಾನೂರನೆಯ ವರ್ಷಕ್ಕೆ.

ಕೋಸೆಗ್‌ನಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ದ್ರಾಕ್ಷಿ ಚಿಗುರಿನ ಪುಸ್ತಕ. 1740ರಿಂದ ಪ್ರತಿ ವರ್ಷ ಏಪ್ರಿಲ್ 24ರಂದು, ಸಂತ ಜಾರ್ಜ್‌ನ ಹಬ್ಬದ ದಿನ, ತೋಟಗಳಿಂದ ಚಿಗುರುಗಳನ್ನು ತಂದು, ಅವು ಇದ್ದಂತೆಯೇ ಬಣ್ಣದಲ್ಲಿ ಬರೆದಿಡುವ ವಾಡಿಕೆಯಿದೆ. ಒಂದು ವರ್ಷ ಎಲೆ ಬಿಚ್ಚಿ ಉದ್ದಕ್ಕೆ ಬೆಳೆದ ಕುಡಿ, ಇನ್ನೊಂದು ವರ್ಷ ಬರಿಯ ಮೊಗ್ಗು: ಆಯಾ ವಸಂತ ಬೇಗ ಬಂದಿತೋ ತಡವಾಯಿತೋ ಎಂಬುದು ಅಕ್ಷರವಿಲ್ಲದೆಯೇ ತಿಳಿಯುತ್ತದೆ. ಇದರ ಬಗ್ಗೆ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಹಂಗೇರಿಯ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆಯಿರುವುದರಿಂದ ಆ ದಿನ ಬೇಡ.

ಸಸ್ಯಾಹಾರಿಗಳಾಗಿದ್ದರೆ ಬ್ರೆಡ್ ಪುಡಿ ಹಚ್ಚಿ ಕರಿದ ಚೀಸ್ ಬಹುತೇಕ ಎಲ್ಲೆಡೆ ಸಿಗುತ್ತದೆ. ಲೆಚೋ ಎಂಬ ಟೊಮೆಟೊ-ದೊಣ್ಣೆಮೆಣಸಿನಕಾಯಿಯ ಪಲ್ಯದಲ್ಲಿ ಮಾತ್ರ ಮಾಂಸ ಸೇರಿರಬಹುದು, ಕೇಳಿಯೇ ತರಿಸಿಕೊಳ್ಳಿ.

ರಾತ್ರಿ ಅಲ್ಲೇ ಉಳಿದರೆ, ಮರುದಿನ ಕಾಡಿನ ಹಾದಿ ಹಿಡಿದು ಸುಮಾರು 880 ಮೀಟರ್ ಎತ್ತರದ ಈರೊಟ್‌ಕೋ ಶಿಖರಕ್ಕೆ ನಡೆಯಬಹುದು. ತುದಿಯ ಕಲ್ಲಿನ ಗೋಪುರ ಗಡಿರೇಖೆಯ ಮೇಲೆಯೇ ಇರುವುದರಿಂದ ನಿಮ್ಮ ಆಸ್ಟ್ರಿಯಾ ಪ್ರವಾಸ ಅಲ್ಲಿಯೇ ಆರಂಭವಾದಂತೆ. ಎರಡೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು.