ಡಿಕ್ಕಿಯ ಬಳಿಗಲ್ಲ, ಬಾಗಿಲಿಗೆ ಕಳಿಸಿ

ಓದುಗರ ಪತ್ರ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಅಕ್ಟೋಬರ್ 31ರ ಹಬ್ಬ ಹ್ಯಾಲೋವೀನ್. ಆ ಸಂಜೆ ನಮ್ಮ ಬೀದಿಯ ಮಕ್ಕಳ ಜೊತೆ ಮಾಟಗಾತಿಯ ವೇಷ ಹಾಕಿ ಹೋಗುತ್ತೇನೆಂದು ಮಗಳ ಹಟ. ‘ದೆವ್ವದ ವೇಷದಲ್ಲಿ ಮನೆಮನೆ ಬೇಡುವುದೇ?’ ಎಂದು ಊರಿನಿಂದ ಬಂದಿರುವ ಅತ್ತೆಯವರ ಆಕ್ಷೇಪ. ಪಾರ್ಕಿಂಗ್ ಜಾಗದಲ್ಲಿ ಪರಿಚಯದವರೇ ಸೇರಿ ಕಾರಿನ ಡಿಕ್ಕಿಗಳಿಂದ ಮಿಠಾಯಿ ಹಂಚುವ ಕಾರ್ಯಕ್ರಮವೇ ಕ್ಷೇಮ ಎನ್ನುತ್ತಾರೆ ನಮ್ಮವರು. ಏನು ಮಾಡಲಿ?

ಸಂಪಾದಕರ ಉತ್ತರ: ತಾಯೀ, ಆ ಹಬ್ಬದಲ್ಲಿ ಸಕ್ಕರೆ ಅತಿ, ಪ್ಲಾಸ್ಟಿಕ್ ಅಸ್ಥಿಪಂಜರಗಳ ವ್ಯಾಪಾರ ಇನ್ನೂ ಅತಿ. ಇಷ್ಟನ್ನು ಒಪ್ಪಿದೆ. ಇನ್ನು ಮಗಳನ್ನು ಕಳಿಸಿ; ಡಿಕ್ಕಿಯ ಬಳಿಗಲ್ಲ, ಬಾಗಿಲಿಗೆ.

ಅತ್ತೆಯವರು ಹಳೆ ಮೈಸೂರಿನ ಕಡೆಯವರಾದರೆ ಒಂದು ಮಾತು ಕೇಳಿ ನೋಡಿ. ನವರಾತ್ರಿಯ ಸಂಜೆ ‘ಗೊಂಬೆ ಕೂರಿಸಿದ್ದೀರಾ?’ ಎನ್ನುತ್ತ ಕಂಡಕಂಡ ಮನೆಗೆ ನುಗ್ಗಿ ಲಂಗದ ಮಡಿಲು ತುಂಬಿಸಿಕೊಂಡು ಬಂದವರಲ್ಲವೇ ಅವರು? ಮಲೆನಾಡಿನವರಾದರೆ ಅಂಟಿಗೆ ಪಂಟಿಗೆ ನೆನಪಿಸಿ: ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತ ಬಂದವರಿಗೆ ಮನೆಯವರು ಎಣ್ಣೆ ಎರೆದು ಅಕ್ಕಿ, ಕಾಣಿಕೆ ಕೊಡುತ್ತಾರೆ. ಅದನ್ನು ಭಿಕ್ಷೆ ಎಂದವರುಂಟೇ?

ದೆವ್ವದ ಮಾತಿಗೆ ಬಂದರೆ, ಪಿತೃಪಕ್ಷ ಮಾಡುವ ನಾವು ಬೆಚ್ಚುವಂಥದ್ದೇನೂ ಅಲ್ಲಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಸತ್ತವರನ್ನು ನೆನೆಯುವ ನವೆಂಬರ್ ಆರಂಭದ ದಿನಗಳಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯ ಹಿರಿಯರ ಆತ್ಮಕ್ಕಾಗಿ ಪ್ರಾರ್ಥಿಸಿ ರೊಟ್ಟಿ ಪಡೆಯುತ್ತಿದ್ದರು. ಐರ್ಲೆಂಡಿನವರು ಟರ್ನಿಪ್ ಗಡ್ಡೆ ಕೊರೆದು ದೀಪವಿಡುತ್ತಿದ್ದರು. ವಲಸೆ ಬಂದ ಮೇಲೆ ಅಮೆರಿಕದ ಕುಂಬಳಕಾಯಿ ಕೈಗೆ ಸಿಕ್ಕಿತು. ಅಮೆರಿಕದಲ್ಲಿ ಆ ರಾತ್ರಿ ಹುಡುಗರ ಪುಂಡಾಟ ವಿಪರೀತವಾಗಿತ್ತು. ಮಿನ್ನೆಸೋಟದ ಅನೋಕಾ ಊರಿನವರು 1920ರಲ್ಲಿ ಮೆರವಣಿಗೆ ಏರ್ಪಡಿಸಿ ಅವರನ್ನು ಹತೋಟಿಗೆ ತಂದರು. ಬಾಗಿಲಲ್ಲಿ ಮಿಠಾಯಿ ಕೊಟ್ಟು ಒಲಿಸಿಕೊಳ್ಳುವ ಪದ್ಧತಿ ಹಬ್ಬಿದ್ದೂ ಆಮೇಲೆಯೇ. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಹಾಲಿನ ಡಬ್ಬಿ ಹಿಡಿದು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್‌ಗಾಗಿ ಚಿಲ್ಲರೆ ಕೂಡಿಸಿದ್ದು ಇದೇ ತಿರುಗಾಟದಲ್ಲಿ. ಇಂಥ ಭಿಕ್ಷೆ ನಮ್ಮ ಮಕ್ಕಳೂ ಬೇಡಲಿ ಎಂದೇ ನನ್ನ ಆಸೆ.

ನಿಮ್ಮ ಯಜಮಾನರ ಅಂಜಿಕೆ ಅಮೆರಿಕದವರಿಗೂ ಹಳೆಯದು. ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆಂಬ ಸುದ್ದಿಗಳ ಬೆನ್ನುಹತ್ತಿದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಅವರಿಗೆ, ಹಾಗೆ ಮಗು ಸತ್ತ ಒಂದೇ ಒಂದು ಖಚಿತ ಪ್ರಕರಣವೂ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಸಯನೈಡ್ ತಿಂದು ಬಾಲಕನೊಬ್ಬ ಸತ್ತದ್ದು ನಿಜ. ಕೊಟ್ಟವನು ವಿಮೆಯ ಹಣಕ್ಕೆ ಬಾಯಿಬಿಟ್ಟ ಹೆತ್ತ ತಂದೆ! ಹ್ಯಾಲೋವೀನ್ ರಾತ್ರಿ ಹೆದರಬೇಕಾದದ್ದು ವಾಹನಗಳಿಗೆ. ಕೈಯಲ್ಲಿ ಟಾರ್ಚ್ ಇರಲಿ, ನೀವೂ ಜೊತೆಗೆ ನಡೆಯಿರಿ. ಚಳಿಗೆ ವೇಷದ ಮೇಲೆ ಜಾಕೆಟ್ ಹಾಕಿಸುವಾಗ ರಂಪವಾಗುತ್ತದೆ. ಮಾಟಗಾತಿಯ ಟೋಪಿಯೊಂದೇ ಕಾಣುತ್ತದೆ. ಒಂದಳತೆ ದೊಡ್ಡ ವೇಷ ಕೊಂಡು ಜಾಕೆಟ್ಟಿನ ಮೇಲೆಯೇ ತೊಡಿಸಿ.

ಡಿಕ್ಕಿಯಲ್ಲಿ ಮಿಠಾಯಿ ಸಿಗುತ್ತದೆ, ನೆರೆಹೊರೆ ಸಿಗುವುದಿಲ್ಲ. ಇಲ್ಲಿ ಬೆಂಗಳೂರಿನಲ್ಲಿ ನಾವು ಮಾಡಿಕೊಂಡಿರುವುದೂ ಅದೇ. ಮಕ್ಕಳ ವೇಷವೆಂದರೆ ಬಾಡಿಗೆಯ ಕಿರೀಟ, ವೇದಿಕೆ, ಮೂವರು ತೀರ್ಪುಗಾರರು. ಮಾತು ಮರೆತು ಅಳುವ ಪುಟ್ಟ ಓಬವ್ವನಿಗೆ ಸಮಾಧಾನಕರ ಬಹುಮಾನ. ಆ ವೇಷದಲ್ಲೇ ಅವಳು ಪಕ್ಕದ ಮನೆಯ ಅಜ್ಜಿಗೆ ಮುಖ ತೋರಿಸಿ ಬರಬಾರದೇ? ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಅಪಾರ್ಟ್‌ಮೆಂಟಿನ ಕಾವಲುಗಾರನ ಮೇಜಿನ ಮೇಲಿಟ್ಟು ವಾಟ್ಸ್ಆ್ಯಪ್‌ನಲ್ಲಿ ತಿಳಿಸುವ ಕಾಲ ಇದು. ಎದುರು ಮನೆಯವರ ಹೆಸರು ಗೊತ್ತಾಗುವುದು ಅವರ ನಳ ಸೋರಿದಾಗ ಮಾತ್ರ!

ಮನೆಯ ಮುಂದಿನ ದೀಪ ಹಚ್ಚಿಡಿ. ಬನ್ನಿ ಎನ್ನುವುದಕ್ಕೆ ಅಲ್ಲಿ ಅದೇ ಗುರುತು. ಮಿಠಾಯಿ ಬುಟ್ಟಿ ಕೊಟ್ಟು ಅತ್ತೆಯವರನ್ನು ಬಾಗಿಲಲ್ಲಿ ಕೂರಿಸಿ. ಕಡಲೆಕಾಯಿ ಇರುವುದನ್ನು ಬೇರೆ ತೆಗೆದಿಡಿ, ಕೆಲವು ಮಕ್ಕಳಿಗೆ ಅದು ಪ್ರಾಣಾಪಾಯ. ಅತ್ತೆಯವರು ಕೋಡುಬಳೆ ಕರಿದು ಹಂಚಲು ಹೊರಟರೆ ಮಾತ್ರ ಉಪಾಯವಾಗಿ ತಡೆಯಿರಿ. ಪೊಟ್ಟಣ ಕಟ್ಟಿರದ ತಿನಿಸನ್ನು ಅಲ್ಲಿನ ತಂದೆತಾಯಿಗಳು ಕಸಕ್ಕೆ ಹಾಕುತ್ತಾರೆ.