ಫಿಲಿಪಿನೋ ಆಂಟಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದಿದಾರೆ, ಹೋಗ್ಲಾ ಅಂತ ಕೇಳಿದ ತಮ್ಮನಿಗೆ

ನಿನ್ ಪ್ರಶ್ನೆ ಓದ್ದೆ ಕಣಪ್ಪ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಡೇಲಿ ಸಿಟೀಲಿ ಗರಾಜ್ ಪಕ್ಕದ ರೂಮ್ ಬಾಡಿಗೆಗೆ ಹಿಡಿದಿದೀಯ, ಮೇಲ್ಗಡೆ ಇರೋ ಫಿಲಿಪಿನೋ ಓನರ್ ಆಂಟಿ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅಂದ್ರೆ ಕೃತಜ್ಞತೆ ಹಬ್ಬದ ಊಟಕ್ಕೆ ಬಾ ಅಂದಿದಾರೆ, ನೀನು ಮೊಟ್ಟೆ ತಿಂತೀಯ ಆದ್ರೆ ಮಾಂಸ ಮೀನು ಮುಟ್ಟಲ್ಲ, ಇದು ಅಮೆರಿಕದವ್ರ ಹಬ್ಬ ಅಲ್ವಾ ಅವ್ರ್ಯಾಕೆ ಮಾಡ್ತಾರೆ, ಏನ್ ತಗೊಂಡ್ ಹೋಗ್ಲಿ, ಎಲ್ರೂ ಥ್ಯಾಂಕ್ಸ್ ಹೇಳೋವಾಗ ನಾನೇನ್ ಹೇಳ್ಲಿ ಅಂತ ಇಷ್ಟುದ್ದ ಬರ್ದಿದೀಯ. ಹೋಗು, ಯೋಚ್ನೆ ಮಾಡ್ಬೇಡ. ಹೋಗ್ದೆ ರೂಮಲ್ಲಿ ಮುಸುಕು ಹಾಕ್ಕೊಂಡು ಮಲಗಿದ್ರೂ ತಟ್ಟೆ ಕೆಳಗಡೆ ಬಂದೇ ಬರುತ್ತೆ, ಅದು ಗ್ಯಾರಂಟಿ.

ನಾನು ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡೋಳು, ಈ ಏರಿಯಾದಲ್ಲಿ ಆಸ್ಪತ್ರೆ ಅಂದ್ರೆ ಫಿಲಿಪಿನೋ ನರ್ಸ್‌ಗಳು, ಹಾಗಾಗಿ ಅವ್ರ ಮನೆ ಊಟ ಚೆನ್ನಾಗೇ ಗೊತ್ತು. ಅವ್ರಿಗೆ ಈ ಹಬ್ಬ ನಿನಗೆ ಇರೋ ಹಾಗೆ ಹೊಸದಲ್ಲ. 1898ರಿಂದ 1946ರವರೆಗೆ ಅವ್ರ ದೇಶ ಫಿಲಿಪೀನ್ಸ್ ಅಮೆರಿಕದ ಕೈಯಲ್ಲೇ ಇತ್ತು, ಆಗ್ಲೇ ಮನಿಲಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ನಡೀತಿತ್ತು. ಆಮೇಲೆ ಅಧ್ಯಕ್ಷ ಮಾರ್ಕೋಸ್ ಬಂದು, 1972ರಲ್ಲಿ ಮಾರ್ಷಲ್ ಲಾ ಅಂದ್ರೆ ಮಿಲಿಟರಿ ಆಳ್ವಿಕೆ ಹಾಕಿದ ಸೆಪ್ಟೆಂಬರ್ 21ನೇ ತಾರೀಖನ್ನೇ ಥ್ಯಾಂಕ್ಸ್‌ಗಿವಿಂಗ್ ಡೇ ಅಂತ ಮಾಡ್ಬಿಟ್ಟ, ಜನರನ್ನ ಜೈಲಿಗೆ ಹಾಕಿದ್ದಕ್ಕೆ ಜನಾನೇ ಥ್ಯಾಂಕ್ಸ್ ಹೇಳ್ಬೇಕಂತೆ. ಅವನು ಹೋದ್ಮೇಲೆ ಅದೂ ಹೋಯ್ತು. ಆದ್ರೆ ಬೆಳೆ ಬಂದಾಗ ದೇವ್ರಿಗೆ ಕೃತಜ್ಞತೆ ಹೇಳೋ ಹಬ್ಬ ಅವ್ರಲ್ಲಿ ಊರೂರಲ್ಲೂ ಇದೆ, ಮೇ 15ಕ್ಕೆ ಲುಕ್ಬಾನ್ ಅನ್ನೋ ಊರಲ್ಲಿ ಪಾಹಿಯಾಸ್ ಅಂತ ಮಾಡ್ತಾರೆ, ಅಕ್ಕಿ ಹಿಟ್ಟಲ್ಲಿ ಎಲೆ ಆಕಾರದ ಬಣ್ಣ ಬಣ್ಣದ ಹಪ್ಪಳ ಮಾಡಿ ಮನೆ ಗೋಡೆ ತುಂಬ ತೂಗಾಕೋದು, ಜೊತೆಗೆ ತೆನೆ, ತರಕಾರಿ, ಹಣ್ಣು. ಸುಗ್ಗಿ ಗೊತ್ತಿರೋ ಜನಕ್ಕೆ ನವೆಂಬರ್‌ನ ಈ ಗುರುವಾರ ಹೊಂದಿಕೊಳ್ಳೋದು ಕಷ್ಟ ಆಗ್ಲಿಲ್ಲ. ಈ ಹಬ್ಬ ಶುರು ಮಾಡಿದ್ರು ಅಂತ ಹೇಳೋ ಇಂಗ್ಲೆಂಡಿನ ವಲಸಿಗರ, ಆ ಪಿಲ್ಗ್ರಿಮ್ಸ್ ಕಥೆ ಮಾತ್ರ ಅಲ್ಲಿ ಯಾರ್ ಬಾಯಲ್ಲೂ ಬರೋದನ್ನ ನಾನು ಕೇಳಿಲ್ಲ.

ಟರ್ಕಿ ಕೋಳಿ ಇರುತ್ತೆ, ಟೇಬಲ್ ಮಧ್ಯ ಠೀವಿಯಿಂದ ಕೂತಿರುತ್ತೆ, ಹೆಚ್ಚು ಜನ ಮುಟ್ಟಲ್ಲ. ಇಲ್ಲೇ ಹುಟ್ಟಿದ ಮಕ್ಕಳಿಗೋಸ್ಕರ ಮತ್ತೆ ಫೋಟೋಗೋಸ್ಕರ ಅದು. ಜನ ಮುಗಿಬೀಳೋದು ಅದರ ಪಕ್ಕದ ಅಲ್ಯೂಮಿನಿಯಂ ಟ್ರೇಗಳ ಮೇಲೆ. ಗರಿಗರಿ ಚರ್ಮದ ಹಂದಿ ಲೆಚೋನ್, ಬೆರಳುದ್ದದ ಲುಂಪಿಯಾ ಅಂದ್ರೆ ನಮ್ ಸ್ಪ್ರಿಂಗ್ ರೋಲ್ ಥರ ಕರ್ದಿದ್ದು, ಪಾನ್ಸಿತ್ ಅನ್ನೋ ಶಾವಿಗೆ (ಕತ್ತರಿಸಬಾರದು, ಉದ್ದ ಇದ್ದಷ್ಟು ಆಯಸ್ಸು ಅಂತ ನಂಬಿಕೆ), ಕಡಲೆಬೀಜದ ಗೊಜ್ಜಲ್ಲಿ ದನದ ಬಾಲ ಬೇಯ್ಸಿದ ಕಾರೆ-ಕಾರೆ. ಕೆಂಪಗಿರೋ ಸಿಹಿ ಸ್ಪಾಗೆಟಿನೂ ಇರ್ಬಹುದು, ಒಳಗೆ ಹಾಟ್‌ಡಾಗ್ ಚೂರು, ಸಾಸ್‌ಗೆ ಬಾಳೆಹಣ್ಣಿನ ಕೆಚಪ್. ಹೌದು, ಬಾಳೆಹಣ್ಣಿಂದೇ, ಟೊಮೆಟೊ ಸಿಗದೇ ಇದ್ದ ಕಾಲಕ್ಕೆ ಮರಿಯಾ ಒರೋಸಾ ಅನ್ನೋ ಅವ್ರ ದೇಶದ ಕೆಮಿಸ್ಟ್ ಹೆಂಗಸು ಕಂಡುಹಿಡಿದಿದ್ದು ಅಂತಾರೆ. ನನಗೆ ಇವತ್ತಿಗೂ ಅದು ಗಂಟಲಲ್ಲಿ ಇಳಿಯಲ್ಲ, ನನ್ ಮಗಳು ಎರಡ್ ತಟ್ಟೆ ಹೊಡೀತಾಳೆ.

ಈಗ ನಿನ್ ಊಟದ್ ವಿಷ್ಯ. ಇದನ್ನ ಗಮನ ಇಟ್ಟು ಓದು. ಬರೀ "ಮೀಟ್ ತಿನ್ನಲ್ಲ" ಅಂದ್ರೆ ಸಾಲ್ದು. ಅವ್ರು ಕ್ಯಾಥೊಲಿಕ್ ಜನ, ಗುಡ್ ಫ್ರೈಡೇಗೆ ಅವ್ರೂ ಮೀಟ್ ಬಿಡ್ತಾರೆ, ಬಿಟ್ಟು ಮೀನು ಸೀಗಡಿ ತಿಂತಾರೆ, ಹಾಗಾಗಿ ನೀನು ಮೀಟ್ ಬೇಡ ಅಂದ್ರೆ ಆಂಟಿ ಪ್ರೀತಿಯಿಂದ ಸೀಗಡಿ ಹಾಕಿದ ಪಾನ್ಸಿತ್ ಮಾಡಿಡ್ತಾರೆ, ಆಮೇಲೆ ಇಬ್ರಿಗೂ ಮುಜುಗರ. ಬರೀ ತರಕಾರಿ ಪಲ್ಯದ ಥರ ಕಾಣೋ ಪಿನಕ್ಬೆತ್‌ನಲ್ಲೂ ಸೀಗಡಿ ಪೇಸ್ಟ್ ಇರುತ್ತೆ, ಉಪ್ಪಿನ ಬದಲು ಪಾತಿಸ್ ಅಂತ ಮೀನಿನ ರಸ ಸುರೀತಾರೆ, ಶಾವಿಗೆಗೆ ಆಯ್ಸ್ಟರ್ ಅಂದ್ರೆ ಕಡಲ ಚಿಪ್ಪುಜೀವಿಯ ಸಾಸ್. ಇದೆಲ್ಲಾ ಬೇಡ ಅಂತ ಹೆಸರು ಹಿಡಿದೇ ಹೇಳು, ಅವ್ರು ಬೇಜಾರ್ ಮಾಡ್ಕೊಳಲ್ಲ. ಅನ್ನ ಅಂತೂ ದೊಡ್ಡ ಕುಕ್ಕರ್ ತುಂಬ ಇರುತ್ತೆ. ಸಿಹಿ ಬಹಳಷ್ಟು ನಿನಗೆ ನಡೆಯುತ್ತೆ: ಬಿಕೋ ಅಂದ್ರೆ ಅಂಟಕ್ಕಿ, ಕಾಯಿಹಾಲು, ಬ್ರೌನ್ ಶುಗರ್, ಬಾಯಿಗಿಟ್ರೆ ಕಾಯಿಹಾಲು ಹಾಕಿದ ಸಿಹಿ ಪೊಂಗಲ್ ತಣ್ಣಗಾಗಿ ಗಟ್ಟಿಯಾದ ಹಾಗಿರುತ್ತೆ. ಲೆಚೆ ಫ್ಲಾನ್‌ನಲ್ಲಿ ಮೊಟ್ಟೆ ಹಾಲು ಅಷ್ಟೇ. ಊಬೆ ಅಂತ ನೇರಳೆ ಬಣ್ಣದ ಗೆಡ್ಡೆ, ಅದನ್ನ ಬೇಯ್ಸಿ ತುರಿದು ಕಂಡೆನ್ಸ್ಡ್ ಮಿಲ್ಕು ಬೆಣ್ಣೆ ಹಾಕಿ ತಳ ಹಿಡೀದ ಹಾಗೆ ತಿರುವುತ್ತಾ ನಿಂತಿರ್ಬೇಕು, ನನ್ ಜೊತೆ ಕೆಲಸ ಮಾಡೋ ನರ್ಸೊಬ್ರು ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದು ಚಪ್ಪಲಿನೂ ಬಿಚ್ಚದೆ ಸ್ಟೋವ್ ಮುಂದೆ ನಿಂತು ಇದನ್ನ ತಿರುವ್ತಿದ್ರು, ಒಂದ್ ಕೈ ಸೋತಾಗ ಇನ್ನೊಂದ್ ಕೈಗೆ ಸೌಟು.

ಇನ್ನು ಥ್ಯಾಂಕ್ಸ್ ಹೇಳೋದು. ಇಲ್ಲಿನ ಆಫೀಸುಗಳಲ್ಲಿ "ನಾನು ಆರೋಗ್ಯಕ್ಕೆ, ಕುಟುಂಬಕ್ಕೆ ಥ್ಯಾಂಕ್‌ಫುಲ್" ಅಂತ ತೇಲಿಸಿ ಹೇಳ್ತಾರಲ್ಲ, ಆ ಥರ ಅಲ್ಲ ಅಲ್ಲಿ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡ್ತಾರೆ, ಮನೆ ಹಿರಿಯಜ್ಜಿ ಶುರು ಮಾಡಿದ್ರೆ ಹೆಸರು ಹಿಡಿದು ಹೇಳ್ತಾ ಹೋಗ್ತಾರೆ, ಸತ್ತು ಹೋದ ಗಂಡ, ಇವತ್ತೂ ಡ್ಯೂಟೀಲಿರೋ ಸೊಸೆ, ಮೊದಲು ಬಂದು ಎಲ್ರನ್ನೂ ಕರೆಸಿಕೊಂಡ ಅಕ್ಕ. ಅನ್ನ ತಣ್ಣಗಾದ್ರೂ ಯಾರೂ ಮಿಸುಕಲ್ಲ. ಈ ಅಕ್ಕಂದಿರ ಕಥೆ ನೀನು ತಿಳ್ಕೊಂಡಿರ್ಬೇಕು. 1948ರಿಂದ ಎಕ್ಸ್‌ಚೇಂಜ್ ಪ್ರೋಗ್ರಾಂನಲ್ಲಿ ಅವ್ರ ನರ್ಸ್‌ಗಳು ಇಲ್ಲಿಗೆ ಬರೋಕೆ ಶುರು ಮಾಡಿದ್ರು, 1965ರ ವಲಸೆ ಕಾನೂನು ಬಂದ್ಮೇಲೆ ದಂಡುದಂಡಾಗಿ ಬಂದ್ರು, ಬಂದೋರು ಅಪ್ಪ ಅಮ್ಮ ಅಣ್ಣ ತಮ್ಮಂದಿರಿಗೆ ಅರ್ಜಿ ಹಾಕಿದ್ರು. ಒಡಹುಟ್ಟಿದವ್ರ ಕೆಟಗರೀಲಿ ಫಿಲಿಪೀನ್ಸ್‌ನೋರಿಗೆ ಸುಮಾರು ಇಪ್ಪತ್ತು ವರ್ಷ ಕ್ಯೂ. ನಾವು ಇಬಿ-2 (ಕೆಲಸದ ಮೇಲೆ ಸಿಗೋ ಗ್ರೀನ್ ಕಾರ್ಡ್) ಕ್ಯೂ ಅಂತ ದಿನಾ ಗೋಳಾಡ್ತೀವಿ, ಅವ್ರ ಮನೇಲಿ ಅರ್ಜಿ ಹಾಕಿದಾಗ ಸ್ಕೂಲಿಗೆ ಹೋಗ್ತಿದ್ದ ಮಗುಗೆ ವೀಸಾ ಬರೋ ಹೊತ್ತಿಗೆ 21 ದಾಟಿ, ಇನ್ನು ಮಗು ಅಂತ ಲೆಕ್ಕಕ್ಕೆ ಬರದೆ ಅಲ್ಲೇ ಉಳ್ಕೊಂಡಿರೋದೂ ಇದೆ. ಹಾಗೆ ಅಲ್ಲೇ ಉಳಿದೋರು ಫೋನಲ್ಲಿ ಬರ್ತಾರೆ, ಇಲ್ಲಿ ಗುರುವಾರ ಸಂಜೆ 5 ಆದ್ರೆ ಅಲ್ಲಿ ಶುಕ್ರವಾರ ಬೆಳಿಗ್ಗೆ 9, ಅವ್ರು ತಿಂಡಿ ತಿಂತಾ ಇರ್ತಾರೆ ಇವ್ರು ಟರ್ಕಿ ಕಡೆ ಫೋನ್ ತಿರುಗಿಸಿ ತೋರಿಸ್ತಾರೆ.

ಆ ಋಣ ಬಾಯಿ ಮಾತಲ್ಲಿ ತೀರೋದಲ್ಲ ಅಂತ ಅವ್ರಿಗೆ ಗೊತ್ತು. ಗರಾಜಲ್ಲಿ ನಿನ್ ಕಣ್ಣಿಗೇ ಬಿದ್ದಿರುತ್ತೆ ನೋಡು, ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ, ಊರಲ್ಲಿರೋರಿಗೆ ಕಳಿಸೋ ಬಾಲಿಕ್‌ಬಾಯಾನ್ ಬಾಕ್ಸ್ ಅಂತ. ಸೇಲ್ ಬಂದಾಗೆಲ್ಲ ಟೂತ್‌ಪೇಸ್ಟು, ಸೋಪು, ಟವೆಲ್ಲು, ಚಾಕೊಲೇಟು, ಡಬ್ಬಿ ಮಾಂಸ, ಶೂ ಒಳಗೆ ಸಾಕ್ಸ್ ತುರುಕಿ, ಒಂದಿಂಚೂ ಜಾಗ ಬಿಡದೆ ತುಂಬ್ತಾರೆ, ಯಾಕಂದ್ರೆ ಹಡಗಲ್ಲಿ ಹೋಗೋದಕ್ಕೆ ತೂಕ ಲೆಕ್ಕ ಇಲ್ಲ, ಪೆಟ್ಟಿಗೆ ಸೈಜಿಗೆ ದುಡ್ಡು. ಒಂದೂವರೆ ಎರಡು ತಿಂಗಳು ಹಿಡಿಯುತ್ತೆ, ಹಾಗಾಗಿ ಕ್ರಿಸ್‌ಮಸ್‌ದು ಆಗ್ಲೇ ಹೋಗಿರುತ್ತೆ, ಹಬ್ಬದ ಮಾರನೇ ದಿನದ ಬ್ಲ್ಯಾಕ್ ಫ್ರೈಡೇ ಸೇಲ್ ಶಾಪಿಂಗ್ ಮುಂದಿನ ಪೆಟ್ಟಿಗೆಗೆ.

ಅದಕ್ಕೇ ನಿನ್ ಸರದಿ ಬಂದ್ರೆ ಭಾಷಣ ಬೇಡ. ಯಾರಾದ್ರೂ ಒಬ್ರ ಹೆಸರು ಹೇಳು. ನಿನ್ನ ಫೀಸ್‌ಗೆ ಲೋನ್ ಸೈನ್ ಹಾಕಿದ ಸೋದರಮಾವ ಅಂತಲೋ, ಏರ್‌ಪೋರ್ಟಿಂದ ಕರ್ಕೊಂಡ್ ಬಂದ ಸೀನಿಯರ್ ಅಂತಲೋ. ಕ್ರೆಡಿಟ್ ಹಿಸ್ಟರಿ ಇಲ್ದೆ ರೂಮ್ ಕೊಟ್ಟಿದ್ದು ಆ ಆಂಟಿನೇ ಅಂತ ಬರ್ದಿದೀಯಲ್ಲ, ಅವ್ರನ್ನೇ ಹೇಳಿದ್ರೂ ಆಯ್ತು, ಅಳು ಬರುತ್ತೆ ಅವ್ರಿಗೆ, ರೆಡಿಯಾಗಿರು.

ಹೊರಡೋವಾಗ ಫಾಯಿಲ್ ಸುತ್ತಿ ಊಟ ಕಟ್ಟಿ ಕೊಡ್ತಾರೆ, ನಮ್ ಕಡೆಯೋರ ಹಾಗೆ ಅಯ್ಯೋ ಬೇಡ ಬೇಡ ಅಂತ ಮೂರ್ ಸಲ ಅನ್ಬೇಡ, ತಗೋ. ಬೇಡ ಅಂದ್ರೆ ರುಚಿಯಾಗಿರ್ಲಿಲ್ಲ ಅಂದ್ಕೊಂಡು ಇನ್ನೆರಡು ಕಟ್ಟು ಜಾಸ್ತಿ ಮಾಡ್ತಾರೆ.

ತಗೊಂಡ್ ಹೋಗೋಕೆ ವೈನ್ ಗೀನ್ ಬೇಡ, ಹಾಟ್ ಪ್ಲೇಟ್ ಇದೆ ಅಂದ್ಯಲ್ಲ, ನಿಂಬೆಹಣ್ಣಿನ ಚಿತ್ರಾನ್ನ ಕಲಸ್ಕೊಂಡ್ ಹೋಗು. ಕಡಲೆಬೀಜ ಧಾರಾಳವಾಗಿ ಹಾಕು, ಹುಳಿ ಮುಂದಿರ್ಲಿ, ಮೆಣಸಿನಕಾಯಿ ಮಾತ್ರ ಕೈ ಹಿಡಿದು, ಅವ್ರಲ್ಲಿ ಬಿಕೋಲ್ ಕಡೆಯೋರು ಬಿಟ್ರೆ ಖಾರ ತಿನ್ನೋರು ಕಮ್ಮಿ. ಹುಳಿ ಅಂದ್ರೆ ಪ್ರಾಣ. ಬಾಗಿಲಲ್ಲಿ ಚಪ್ಪಲಿ ಬಿಡು, ಆಂಟಿಯನ್ನ ತೀತಾ (ಅವ್ರ ಭಾಷೇಲಿ ಅತ್ತೆ, ಚಿಕ್ಕಮ್ಮ ಅಂತ) ಅಂತ ಕರಿ, ಮೂರು ಗಂಟೆ ಅಂದಿದ್ರೆ ನಾಲ್ಕಕ್ಕೆ ಮುಂಚೆ ಮೆಟ್ಲು ಹತ್ಬೇಡ. ಊಟ ಆದ್ಮೇಲೆ ಹಾಡೋಕೆ ಕ್ಯಾರಿಯೋಕೆ ಮೈಕ್ ಬರುತ್ತೆ, ತಪ್ಪಿಸ್ಕೊಳಕ್ಕಾಗಲ್ಲ, ಆ ಮಷೀನು ಮಾರ್ಕ್ಸ್ ಬೇರೆ ಕೊಡುತ್ತೆ.

ಮಾಂಸ, ಮೀನು, ಸೀಗಡಿ, ಪಾತಿಸ್ ಯಾವ್ದೂ ಬೇಡ ಅನ್ನೋ ಮೆಸೇಜನ್ನ ಇವತ್ತೇ ಹಾಕು. ಬುಧವಾರ ರಾತ್ರಿ ಹೇಳಿದ್ರೆ ಪಾಪ ಅವ್ರು ಗುರುವಾರ ಬೆಳಿಗ್ಗೆ ನಿನ್ನೊಬ್ಬನಿಗೋಸ್ಕರ ತೋಫು ತರೋಕೆ ಅಂಗಡಿ ಕ್ಯೂನಲ್ಲಿ ನಿಲ್ತಾರೆ.