ಕೀ ತಿರುಗಿಸಿದರೆ ಬರೀ ‘ಟಕ್’

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಮಂಡ್ಯದಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮೈಸೂರಿಗೆ ಬಂದು, ದೇವರಾಜ ಮಾರ್ಕೆಟ್‌ನಲ್ಲಿ ಮದುವೆಗೆ ಹೂವು ಹೇಳಿ ವಾಪಸ್ ಬಂದರೆ ‘ಟಕ್’ ಅಂತ ಒಂದೇ ಸದ್ದು, ಸೆಲ್ಫ್ ಎತ್ತುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಸರಿ. ಬ್ಯಾಟರಿ ಯುಗಾದಿಗೆ ಹಾಕಿಸಿದ್ದು. ಹೊಸ ಸೆಲ್ಫ್ ಮೋಟರ್ ಹಾಕಿಸಿ ಅನ್ನುತ್ತಾರೆ. ಹಾಕಿಸಲೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಈಗಲೇ ಬೇಡ. ಬ್ಯಾಟರಿ ಹೊಸದು ಅಂದಿರಲ್ಲ, ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ. ಬ್ಯಾಟರಿ ಹೊಸದಾದರೂ ಅದರ ತುದಿಗೆ ವೈರ್ ಹಿಡಿಸುವ ಕ್ಲಾಂಪ್ ಹಳೆಯದೇ ಅಲ್ವಾ? ಬಿಳಿ ಪುಡಿ ಕೆರೆಯದೆ, ನಟ್ಟು ಅರ್ಧ ಬಿಗಿದು ಕಳಿಸುವವರು ಬೇಕಾದಷ್ಟು ಜನ ಇದ್ದಾರೆ. ಕ್ಲಾಂಪ್ ಹಿಡಿದು ತಿರುಚಿ. ಅಲ್ಲಾಡಿದರೆ ಮೊದಲು ಅದನ್ನು ಸರಿ ಮಾಡಿಸಿ.

ಅದು ಬಿಗಿಯಾಗಿದ್ದರೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟ್ ಪೂರ್ತಿ ಮಂಕಾದರೆ ಚಾರ್ಜ್ ಕಮ್ಮಿ, ಇಲ್ಲವೇ ಕನೆಕ್ಷನ್ ಸರಿಯಿಲ್ಲ. ಅಪರೂಪಕ್ಕೆ ಮೋಟರೇ ಜಾಮ್ ಆಗಿರಬಹುದು. ಲೈಟ್ ಮಂಕಾಗದೆ ಬರೀ ‘ಟಕ್’ ಅಂದರೆ ಸೆಲ್ಫ್ ಒಳಗೆ ಕರೆಂಟ್ ಹರಿಯುತ್ತಿಲ್ಲ ಅಂತ. ಈ ಪರೀಕ್ಷೆಯನ್ನು ಕಾರು ಹಟ ಹಿಡಿದಾಗಲೇ ಮಾಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಶೆಡ್ಡಿಗೆ ತಂದರೆ ಯಾವ ಮೆಕ್ಯಾನಿಕ್ಕಿಗೂ ಏನೂ ಕಾಣುವುದಿಲ್ಲ. ಸುಮ್ನೆ ಊಹೆ ಮಾಡಿ ಪಾರ್ಟ್ ಬದಲಾಯಿಸುತ್ತಾರೆ.

ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೆಲಸ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಈಗ ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಸೆಲ್ಫ್ ಮೋಟರಿನ ಬಾಡಿಗೆ ಇಟ್ಟು, ಮನೆಯವರಿಗೆ ಕೀ ತಿರುಗಿಸಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ತಪ್ಪು ಅರ್ತ್ ವೈರಿನದು, ಅಂದರೆ ಬ್ಯಾಟರಿಯ ಮೈನಸ್‌ನಿಂದ ಇಂಜಿನ್, ಬಾಡಿಗೆ ಹೋಗುವ ವೈರಿನದು. ಹಳೆ ಗಾಡಿಗಳಲ್ಲಿ ಇದು ಬಹಳ. ಮೇಲೆ ಚೆನ್ನಾಗಿ ಕಾಣುವ ವೈರು ಲಗ್ (ವೈರಿನ ತುದಿಯ ಲೋಹದ ಹಿಡಿ) ಒಳಗೆ ಹಸಿರುಗಟ್ಟಿರುತ್ತದೆ.

ಅರ್ತ್ ಸರಿಯಿದ್ದರೆ ಸೊಲೆನಾಯ್ಡಿಗೆ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಕಾಯಿಲ್ ಸ್ವಿಚ್ಚಿಗೆ) ಬರುವ ಸಣ್ಣ ವೈರನ್ನು ನೋಡಿ. ಕೀ ತಿರುಗಿಸಿದಾಗ ಅಲ್ಲಿ ಏಳೆಂಟು ವೋಲ್ಟ್ ಮಾತ್ರ ಬಂದು, ಬ್ಯಾಟರಿ 12ರಲ್ಲೇ ಇದ್ದರೆ ಆ ವೈರಿಗೆ ಕರೆಂಟ್ ಕೊಡುವ ರಿಲೇ ಅಥವಾ ಕೀ ಸ್ವಿಚ್ ಸೋತಿದೆ. ಇಂಜಿನ್ ಬಿಸಿಯಿದ್ದಾಗ ಸೊಲೆನಾಯ್ಡಿನ ಕಾಯಿಲ್‌ಗೆ ಆ ಕಮ್ಮಿ ವೋಲ್ಟ್ ಸಾಲುವುದಿಲ್ಲ, ತಣ್ಣಗಾದರೆ ಹೇಗೋ ಎಳೆಯುತ್ತದೆ. ನೀವು ಹೇಳಿದ ಲಕ್ಷಣಕ್ಕೂ ಇದು ಹೊಂದುತ್ತದೆ.

ಸಣ್ಣ ವೈರಿಗೂ ದಪ್ಪ ವೈರಿಗೂ ಪೂರ್ತಿ ವೋಲ್ಟ್ ಬಂದೂ ತಿರುಗದಿದ್ದರೆ ಮಾತ್ರ ಸೆಲ್ಫ್ ಬಿಚ್ಚಿಸಿ. ಆಗಲೂ ಎಷ್ಟೋ ಸಲ ಮೋಟರ್ ಒಳಗೆ ಸವೆಯುವ ಕಾರ್ಬನ್ ಬ್ರಷ್ ಅಥವಾ ಸೊಲೆನಾಯ್ಡ್ ಬದಲಾಯಿಸಿದರೆ ಸಾಕು. ಸ್ಪ್ಯಾನರ್‌ನಲ್ಲಿ ಮೆಲ್ಲಗೆ ತಟ್ಟಿದರೆ ತಿರುಗೀತು, ಆದರೆ ಅದು ಮನೆ ಸೇರುವುದಕ್ಕೆ ಮಾತ್ರ. ಹೊಸದೇ ಹಾಕಿಸುವ ಹಾಗಾದರೆ ಹಳೆಯದನ್ನು ಬಿಚ್ಚಿ ತೋರಿಸಲು ಹೇಳಿ.